ಆಹಾರ ಪ್ರಶ್ನೋತ್ತರ: ಮುದ್ದೆಗೂ ಅಳತೆ ಬೇಕು

ಪ್ರಶ್ನೆ: ನನಗೆ 44 ವರ್ಷ, ಎತ್ತರ 156 ಸೆಂ.ಮೀ., ತೂಕ 74 ಕೆ.ಜಿ. ಅನ್ನ ಪೂರ್ತಿ ಬಿಟ್ಟು ಎರಡು ಹೊತ್ತೂ ರಾಗಿಮುದ್ದೆ ಉಣ್ಣುತ್ತಿದ್ದೇನೆ. ಮೂರು ತಿಂಗಳಾದರೂ ತೂಕ ಇಳಿದಿಲ್ಲ. ಯಾಕೆ?
– ಓದುಗರೊಬ್ಬರು, ತುಮಕೂರು

ಉತ್ತರ: ರಾಗಿ ಒಳ್ಳೆಯದೇ. ನಾರು, ಕ್ಯಾಲ್ಸಿಯಂ ಎರಡೂ ಅಕ್ಕಿಗಿಂತ ಬಹಳ ಹೆಚ್ಚು. ಆದರೆ ಕ್ಯಾಲೊರಿಯಲ್ಲಿ ಅಂಥ ಅಂತರವಿಲ್ಲ: 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320, ಅಷ್ಟೇ ಅಕ್ಕಿಯಲ್ಲಿ ಸುಮಾರು 350. ದೊಡ್ಡದೊಂದು ಮುದ್ದೆಗೆ 100 ಗ್ರಾಂ ಹಿಟ್ಟಾದರೂ ಹಿಡಿಯುತ್ತದೆ. ಮೇಲಾಗಿ ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ. ಹೊಟ್ಟೆ ತುಂಬಿದ್ದು ಗೊತ್ತಾಗಲು ಹೆಚ್ಚುಕಡಿಮೆ 20 ನಿಮಿಷ ಬೇಕು. ಅಷ್ಟರಲ್ಲಿ ಎರಡನೇ ಮುದ್ದೆ ತಟ್ಟೆಗೆ ಬಿದ್ದಿರುತ್ತದೆ.

ಎಸರಿಗೆ ಹಾಕುವ ಮುಂಚೆಯೇ ಹಿಟ್ಟು ಅಳೆಯಿರಿ. ಬೆಂದ ಮೇಲೆ ಕಣ್ಣಂದಾಜು ನಂಬಬೇಡಿ. ತಲೆಗೆ 60 ಗ್ರಾಂ ಸಾಕು, ಮುದ್ದೆ ಟೆನಿಸ್ ಚೆಂಡಿನಷ್ಟಾಗುತ್ತದೆ. ಒಮ್ಮೆ ತಕ್ಕಡಿಯಲ್ಲಿ ತೂಗಿ, ಆ ಹಿಟ್ಟು ಲೋಟದಲ್ಲಿ ಎಲ್ಲಿಗೆ ಬರುತ್ತದೋ ಅಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಅನ್ನವನ್ನೂ ಬಿಡಬೇಕಿಲ್ಲ. ರೈಸ್ ಕುಕ್ಕರ್ ಜೊತೆ ಬರುವ 180 ಮಿ.ಲೀ. ಕಪ್ಪಿನಲ್ಲಿ 150 ಗ್ರಾಂ ಅಕ್ಕಿ ಹಿಡಿಯುತ್ತದೆ. ಅದನ್ನು ಮೂವರಿಗೆ ಹಂಚಿ.

ಮೊದಲು ಒಂದು ಬಟ್ಟಲು ಸೊಪ್ಪು-ಕಾಳಿನ ಪಲ್ಯ ತಿಂದು, ಆಮೇಲೆ ಮುದ್ದೆ ಮುರಿಯಿರಿ. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ. ನಮ್ಮ ಮನೆಗಳಲ್ಲಿ ಲೆಕ್ಕ ತಿರುಗುಮುರುಗು. ನಿಮಗೆ ಧಾನ್ಯ 150ರಿಂದ 180 ಗ್ರಾಂ ಸಾಕು, ಬೆಳಗಿನ ತಿಂಡಿಯೂ ಸೇರಿ. ಅದಕ್ಕಿಂತ ಕೆಳಗಿಳಿಸಲು ಹೋದರೆ ಸಂಜೆ ನಾಲ್ಕಕ್ಕೆ ಮಿಕ್ಸ್ಚರ್ ಡಬ್ಬಿ ಕರೆಯುತ್ತದೆ. 50 ಗ್ರಾಂ ಮಿಕ್ಸ್ಚರ್ ಎಂದರೆ 250 ಕ್ಯಾಲೊರಿ, ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು. ನಿಮ್ಮ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಲೆಕ್ಕ) 30 ದಾಟಿರುವುದರಿಂದ ಸಕ್ಕರೆ ಮತ್ತು ಥೈರಾಯ್ಡ್ ಒಮ್ಮೆ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ಅನ್ನ ಅರ್ಧ ಮಾಡಿದ್ದೇವೆ, ಪಲ್ಯವೇ ಹೆಚ್ಚು. ಆದರೂ ಮನೆಯಲ್ಲಿ ಯಾರ ತೂಕವೂ ಇಳಿಯುತ್ತಿಲ್ಲ.
– ಗೃಹಿಣಿ, ದಾವಣಗೆರೆ

ಉತ್ತರ: ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ತರುತ್ತೀರಿ? ನಾಲ್ವರ ಮನೆಗೆ 5 ಲೀಟರ್ ಎಂದರೆ ತಲೆಗೆ ದಿನಕ್ಕೆ 40 ಮಿ.ಲೀ. ದಾಟಿತು, ಸುಮಾರು 340 ಕ್ಯಾಲೊರಿ. ಪಲ್ಯ ಹೆಚ್ಚಿದರೆ ಅದರ ಒಗ್ಗರಣೆಯೂ ಹೆಚ್ಚುತ್ತದಲ್ಲ!

ಬೆಳಿಗ್ಗೆಯೇ ಆ ದಿನದ ಎಣ್ಣೆಯನ್ನು, ತಲೆಗೆ 4 ಟೀ ಚಮಚದಂತೆ (20 ಮಿ.ಲೀ.), ಸಣ್ಣ ಬಾಟಲಿಗೆ ಹಾಕಿಡಿ. ಮುಗಿದರೆ ಮುಗಿಯಿತು, ಕ್ಯಾನ್ ಮುಟ್ಟಬೇಡಿ. ಒಗ್ಗರಣೆ ಸೌಟನ್ನು ಸ್ವಲ್ಪ ಓರೆ ಹಿಡಿದರೆ ಒಂದೇ ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿಯುತ್ತದೆ. ಅಗಲ ಬಾಣಲೆಯಲ್ಲಿ ಅಷ್ಟೇ ಎಣ್ಣೆ ಹರಡಿ ಸೀಯುವುದರಿಂದಲೇ ಕೈ ಮತ್ತೆ ಕ್ಯಾನಿಗೆ ಹೋಗುವುದು. ಕಡಲೆಕಾಯಿ ಚಟ್ನಿಪುಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. 30 ಗ್ರಾಂ ಕಡಲೆಬೀಜಕ್ಕೆ 160 ಕ್ಯಾಲೊರಿಗೂ ಹೆಚ್ಚು, ಮೇಲೆ ಹಾಕಿಕೊಳ್ಳುವ ಎಣ್ಣೆ ಬೇರೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅವರ ಅನ್ನವನ್ನೂ ಅರ್ಧ ಮಾಡಬಹುದೇ?
– ಓದುಗರು, ಹಾಸನ

ಉತ್ತರ: ವೈದ್ಯರನ್ನು ಕೇಳದೆ ಬೇಡ. ಇನ್ಸುಲಿನ್ ಅಷ್ಟೇ ಇದ್ದು ಅನ್ನ ತಟ್ಟನೆ ಅರ್ಧವಾದರೆ ಸಕ್ಕರೆ ತೀರಾ ಇಳಿಯಬಹುದು. ಗ್ಲಿಮೆಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆ ನುಂಗುವವರಿಗೂ ಇದೇ ಮಾತು. ಬೆವರು, ಕೈನಡುಕ, ಎದೆಬಡಿತ ಕಂಡರೆ ಕೂಡಲೇ 3 ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಸಕ್ಕರೆ ಮಟ್ಟ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.