ತಲೆಗೇ ಕಾಲು ಬರೆಯುವ ಮಗಳು

ಪ್ರಶ್ನೆ: ಮಗಳಿಗೆ ಮೂರೂವರೆ ವರ್ಷ. ಯಾವಾಗ ನೋಡಿದರೂ ಗೀಚುತ್ತಾ ಕೂತಿರುತ್ತಾಳೆ. ಮನುಷ್ಯರನ್ನು ಬರೆದರೆ ತಲೆಗೇ ಕಾಲು, ಹೊಟ್ಟೆಯೇ ಇಲ್ಲ. ತಿದ್ದಿಕೊಟ್ಟರೆ ಅಳುತ್ತಾಳೆ. ಸುಮ್ನೆ ಗೀಚುವ ಹೊತ್ತಿನಲ್ಲಿ ಅಕ್ಷರ ಕಲಿಸಬಹುದಲ್ವಾ? ಡ್ರಾಯಿಂಗ್ ಕ್ಲಾಸಿಗೆ ಸೇರಿಸಲೇ?

ಉತ್ತರ: ಮೊದಲು ಆ ಹೊಟ್ಟೆಯಿಲ್ಲದ ಮನುಷ್ಯನ ವಿಷಯ. ಒಂದು ಗುಂಡು, ಒಳಗೆ ಎರಡು ಕಣ್ಣು, ಕೆಳಗೆ ಎರಡು ಗೆರೆ ಅಲ್ವಾ? ಮೂರು-ನಾಲ್ಕು ವರ್ಷದ ಮಕ್ಕಳು ಹೆಚ್ಚಿನವರು ಹೀಗೇ ಬರೆಯುತ್ತಾರೆ. ತಜ್ಞರು ಇದನ್ನು ‘ಗೊದಮೊಟ್ಟೆ ಮನುಷ್ಯ’ ಎಂದೇ ಕರೆಯುತ್ತಾರೆ. ಹೊಟ್ಟೆ ಎಲ್ಲಿದೆ ಎಂದು ಅವಳಿಗೆ ಗೊತ್ತಿಲ್ಲವೆಂದಲ್ಲ. ಕೇಳಿ ನೋಡಿ, ತನ್ನ ಹೊಟ್ಟೆ ಮುಟ್ಟಿ ತೋರಿಸುತ್ತಾಳೆ.

ಆ ಗುಂಡು ತೋರಿಸಿ ‘ಇದು ಅಪ್ಪ’ ಎನ್ನುತ್ತಾಳಲ್ಲ, ನನ್ನ ಪ್ರಕಾರ ದೊಡ್ಡ ಕಲಿಕೆ ಇರುವುದು ಅಲ್ಲೇ. ಕಾಗದದ ಮೇಲಿನ ಗುರುತು ಬೇರೇನನ್ನೋ ಹೇಳುತ್ತದೆ ಎಂದು ಅವಳಿಗೆ ಹೊಳೆದಿದೆ. ಅಕ್ಷರವೂ ಅಷ್ಟೇ ತಾನೇ? ‘ಅ’ ಎಂಬ ಗೆರೆ ಒಂದು ಸದ್ದನ್ನು ಹೇಳುತ್ತದೆ. ಹಾಗಾಗಿ ಗೀಚುವ ಹೊತ್ತನ್ನು ಕಿತ್ತು ಅಕ್ಷರಕ್ಕೆ ಕೊಡಬೇಡಿ.

ಕೈಗೂ ಇದೇ ಅಭ್ಯಾಸ. ಒಂದೂವರೆ ವರ್ಷದ ಮಗು ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳು ಆಡಿಸಿ ಗೀಚುತ್ತದೆ. ಆಮೇಲೆ ಮಣಿಕಟ್ಟು ಪಳಗುತ್ತದೆ, ಕೊನೆಗೆ ಬೆರಳು. ಅಂದಹಾಗೆ, ಮುರಿದ ಕ್ರೇಯಾನ್ ಎಸೆಯಬೇಡಿ. ಮೋಟು ತುಂಡನ್ನು ಮುಷ್ಟಿಯಲ್ಲಿ ಹಿಡಿಯಲಾಗದು, ಬೆರಳ ತುದಿಯಲ್ಲೇ ಹಿಡಿಯಬೇಕು. ಮುಂದೆ ಪೆನ್ಸಿಲ್ ಹಿಡಿಯುವುದೂ ಹಾಗೆಯೇ.

ಕ್ಲಾಸು ಈಗ ಬೇಡ. ಈ ವಯಸ್ಸಿಗೆ ಕಾಗದ, ಬಣ್ಣ, ನೆಲದ ಮೇಲೆ ಒಂದಿಷ್ಟು ಜಾಗ ಸಾಕು. ಗೋಡೆ ಒಂದಿಷ್ಟು ಹಾಳಾಗುತ್ತದೆ, ಏನು ಮಾಡೋದು!

ಬಹುಮಾನದ ಆಸೆಯನ್ನೂ ತೋರಿಸಬೇಡಿ. ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಕೆಲವು ಮಕ್ಕಳಿಗೆ, ಬರೆದರೆ ಬಹುಮಾನ ಎಂದು ಮೊದಲೇ ಹೇಳಿದ್ದರು. ಕೆಲವು ದಿನಗಳ ಮೇಲೆ ಆಟದ ಹೊತ್ತಿನಲ್ಲಿ ಗಮನಿಸಿದರೆ, ಬಹುಮಾನದ ಸುದ್ದಿಯೇ ಇಲ್ಲದೆ ಬರೆದ ಮಕ್ಕಳಿಗಿಂತ ಇವರು ಚಿತ್ರದ ಕಡೆ ಹೋದದ್ದೇ ಕಡಿಮೆ. ಖುಷಿಗೆ ಮಾಡುತ್ತಿದ್ದದ್ದು ಕೂಲಿಯ ಕೆಲಸವಾಗಿಬಿಟ್ಟಿತ್ತು.

ಇನ್ನು ತಿದ್ದುವ ವಿಷಯ. ಅವಳು ಅತ್ತದ್ದು ಸರಿಯೇ, ಅವಳ ಅಪ್ಪನ ಮೇಲೆ ನೀವು ಗೆರೆ ಎಳೆದಿರಿ! ‘ಇದೇನು?’ ಎಂದು ಪರೀಕ್ಷೆ ಮಾಡುವ ಬದಲು ‘ಇಲ್ಲೇನು ನಡೀತಿದೆ, ಹೇಳು’ ಎನ್ನಿ. ಅವಳು ಹೇಳಿದ್ದನ್ನು ಹಾಳೆಯ ಹಿಂದೆ ಅವಳ ಮಾತಲ್ಲೇ, ಅವಳೆದುರಿಗೇ ಬರೆದಿಡಿ. ಸ್ವಲ್ಪ ದಿನಕ್ಕೆ ‘ನನ್ನ ಹೆಸರು ನಾನೇ ಬರೀತೀನಿ’ ಎಂದು ಕ್ರೇಯಾನ್ ಕಿತ್ತುಕೊಂಡರೆ, ಅಕ್ಷರ ಅಲ್ಲಿಂದ ಶುರು ಮಾಡಿ.