ಗೈಡ್ ಎದುರು ನಾಮಪತ್ರ ಹಾಕಲೇ?

ಪ್ರಶ್ನೆ: ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಸಹ ಪ್ರಾಧ್ಯಾಪಕಿ. ನಮ್ಮ ವಿಷಯದ ರಾಜ್ಯಮಟ್ಟದ ಅಧ್ಯಾಪಕರ ಸಂಘಕ್ಕೆ ಬರುವ ವಾರ್ಷಿಕ ಸಮ್ಮೇಳನದಲ್ಲಿ ಚುನಾವಣೆ. ನನ್ನ ಪಿಎಚ್‌ಡಿ ಗೈಡ್ ಹಲವು ಅವಧಿಗಳಿಂದ ಅಧ್ಯಕ್ಷರು. ಅವರ ಎದುರು ತಂಡ ಕಟ್ಟಿರುವ ಗೆಳೆಯರು ‘ಒಬ್ಬರಾದರೂ ಮಹಿಳೆ ಇರಬೇಕು, ಖಜಾಂಚಿ ಸ್ಥಾನಕ್ಕೆ ನಿಲ್ಲಿ’ ಎಂದು ಹಿಡಿದಿದ್ದಾರೆ. ವಿಷಯ ಗೈಡ್ ಕಿವಿಗೂ ಬಿದ್ದು, ಫೋನ್ ಮಾಡಿ ‘ಏನಮ್ಮಾ, ನನ್ನ ಎದುರೇ ನಿಲ್ತೀಯಾ?’ ಅಂದರು. ಅಂದಿನಿಂದ ನಿದ್ದೆಯಿಲ್ಲ. ಸಂಘದ ಕೆಲಸ ಮಾಡುವ ಆಸೆಯಂತೂ ಇದೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಆಸೆ ಇದೆ ಎಂದು ನೀವೇ ಬರೆದಿದ್ದೀರಿ, ಹಾಗಾಗಿ ನಿಲ್ಲಿ ಎಂದೇ ಹೇಳುತ್ತೇನೆ. ಆದರೆ ಲೆಕ್ಕಪತ್ರ ನೋಡದೆ ಕಣದಲ್ಲಿ ಉಳಿಯಬೇಡಿ. ಗೈಡ್ ಬೇಸರ ಇಂದಲ್ಲ ನಾಳೆ ಕರಗೀತು. ಹಳೆಯ ಲೆಕ್ಕದ ಗೊಂದಲವನ್ನು ನೋಡದೆ ಹೊತ್ತುಕೊಂಡರೆ ಉತ್ತರ ಕೊಡಬೇಕಾದವರು ನೀವು.

ಸದಸ್ಯೆಯಾಗಿ ಕಾರ್ಯದರ್ಶಿಗೆ ಪತ್ರ ಬರೆದು ಬೈಲಾ ಪ್ರತಿ, ಕಳೆದ ಮೂರು ವರ್ಷದ ಆಡಿಟ್ ವರದಿ, ಮತದಾರರ ಪಟ್ಟಿ ಕೇಳಿ. ಆಡಿಟ್ ವರದಿಯಲ್ಲಿ ಮೊದಲು ಎರಡು ಸಾಲು ಹುಡುಕಿ. ಒಂದು, ಆಜೀವ ಸದಸ್ಯತ್ವದ ಹಣ. ಅದು ಠೇವಣಿಯಲ್ಲಿದ್ದು, ಬಡ್ಡಿ ಮಾತ್ರ ಖರ್ಚಾಗಬೇಕು. ಸದಸ್ಯರು ಹೆಚ್ಚುತ್ತಿದ್ದರೂ ಠೇವಣಿ ಕರಗುತ್ತಿದ್ದರೆ, ಅಸಲನ್ನೇ ಸಮ್ಮೇಳನಕ್ಕೋ ಪತ್ರಿಕೆಯ ಮುದ್ರಣಕ್ಕೋ ಸುರಿದಿರುವ ಸಾಧ್ಯತೆ ಹೆಚ್ಚು. ಇನ್ನೊಂದು, ‘ಮುಂಗಡ’. ಸಮ್ಮೇಳನ ನಡೆಸುವ ಕಾಲೇಜಿಗೆ ಕೊಟ್ಟ ಹಣಕ್ಕೆ ಬಿಲ್ಲು ಬರದೆ ಅದೇ ಮೊತ್ತ ವರ್ಷದಿಂದ ವರ್ಷಕ್ಕೆ ಹಾಗೇ ಉಳಿದಿರುತ್ತದೆ. ಇಂಥ ಸಂಘಗಳ ಜಗಳ ಬಹಳಷ್ಟು ಸಲ ಇಲ್ಲಿಂದಲೇ ಶುರುವಾಗುವುದು.

ಇನ್ನು ನಿಮ್ಮ ಗೆಳೆಯರು. ಮಹಿಳೆ ಬೇಕು ಎನ್ನುವವರಿಗೆ ನೇರವಾಗಿ ಕೇಳಿ: ಚೆಕ್‌ಬುಕ್ ಯಾರ ಬಳಿ ಇರುತ್ತದೆ? ಜಂಟಿ ಸಹಿ ಯಾರದು? ‘ನೀವು ದೂರದ ಊರಲ್ಲಿದ್ದೀರಿ ಮೇಡಂ, ಹತ್ತು ಚೆಕ್ಕಿಗೆ ಸಹಿ ಹಾಕಿ ಕೊಟ್ಟುಬಿಡಿ, ತೊಂದರೆ ತಪ್ಪುತ್ತೆ’ ಎಂಬ ಉತ್ತರ ಬಂದರೆ ಅವರಿಗೆ ಬೇಕಾಗಿರುವುದು ನಿಮ್ಮ ಸಹಿ ಮಾತ್ರ. ಆ ತಂಡ ಬಿಡಿ. ಬೈಲಾ ಅವಕಾಶ ಕೊಟ್ಟರೆ ಸ್ವತಂತ್ರವಾಗಿ ನಿಲ್ಲಿ. ಖಜಾಂಚಿ ಸ್ಥಾನಕ್ಕೆ ತಂಡದ ಹಂಗಿಲ್ಲದವರೇ ಮೇಲು ಎಂಬುದು ನನ್ನ ಗಟ್ಟಿ ನಂಬಿಕೆ.

ಗೈಡ್ ಅವರನ್ನು ನಾಮಪತ್ರ ಹಾಕುವ ಮುಂಚೆಯೇ ಮನೆಗೆ ಹೋಗಿ ಕಾಣಿ. ಫೋನ್ ಬೇಡ, ವಾಟ್ಸ್ಆ್ಯಪ್ ಅಂತೂ ಬೇಡವೇ ಬೇಡ. ‘ಸರ್, ನಾನು ನಿಲ್ಲುತ್ತಿರುವುದು ಖಜಾಂಚಿ ಸ್ಥಾನಕ್ಕೆ, ನಿಮ್ಮ ಸ್ಥಾನಕ್ಕಲ್ಲ. ಗೆದ್ದವರು ಯಾರೇ ಅಧ್ಯಕ್ಷರಾದರೂ ಅವರ ಜೊತೆ ಕೆಲಸ ಮಾಡುತ್ತೇನೆ’ ಎಂದಷ್ಟೇ ಹೇಳಿ. ಅನುಮತಿ ಕೇಳಲು ಹೋಗಬೇಡಿ, ಕೇಳಿದರೆ ಅವರು ಬೇಡ ಎನ್ನಲೇಬೇಕಾಗುತ್ತದೆ. ಅವರ ಆಡಳಿತದ ಬಗ್ಗೆ ಪ್ರಚಾರದಲ್ಲಿ ಒಂದು ಮಾತೂ ಬೇಡ.

ಅನುಮತಿ ಬೇಕಿರುವುದು ಇಲಾಖೆಯಿಂದ. ಸರ್ಕಾರಿ ನೌಕರರಾದ್ದರಿಂದ ಪ್ರಾಂಶುಪಾಲರ ಮೂಲಕ ಕಾಲೇಜು ಶಿಕ್ಷಣ ಇಲಾಖೆಗೆ ಈಗಲೇ ಅರ್ಜಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸೋತವರು ತಕರಾರು ತೆಗೆಯಲು ಮೊದಲು ಹುಡುಕುವ ಕಾಗದ ಇದು.

ನಾಮಪತ್ರ ತಿರಸ್ಕೃತವಾಗುವುದು ಸಣ್ಣ ಕಾರಣಗಳಿಗೇ. ಸೂಚಕರ ಚಂದಾ ಬಾಕಿ, ಒಬ್ಬರೇ ಒಂದೇ ಸ್ಥಾನಕ್ಕೆ ಇಬ್ಬರನ್ನು ಸೂಚಿಸಿರುವುದು, ಪಟ್ಟಿಯಲ್ಲಿರುವ ಇನಿಷಿಯಲ್ಲಿಗೂ ಸಹಿಗೂ ತಾಳೆಯಾಗದಿರುವುದು. ಬೈಲಾ ತಡೆಯದಿದ್ದರೆ ಬೇರೆ ಬೇರೆ ಸೂಚಕರಿಂದ ಎರಡು ಪ್ರತಿ ಸಲ್ಲಿಸಿ. ಮತದಾನ ಸಮ್ಮೇಳನದ ಸಾಮಾನ್ಯ ಸಭೆಯಲ್ಲೇ ಆದರೆ, ಆತಿಥೇಯ ಜಿಲ್ಲೆ ಮತ್ತು ಅಕ್ಕಪಕ್ಕದವರೇ ಹೆಚ್ಚು ಬಂದಿರುತ್ತಾರೆ. ಹಾಗಾಗಿ ಮೊದಲ ಕರೆಗಳು ಅತ್ತ ಹೋಗಲಿ. ಪ್ರತಿನಿಧಿ ಶುಲ್ಕ ಕಟ್ಟದವರಿಗೂ ಮತ ಇದೆಯೇ ಎಂಬುದನ್ನು ಚುನಾವಣಾಧಿಕಾರಿಯಿಂದ ಬರವಣಿಗೆಯಲ್ಲಿ ಪಡೆಯಿರಿ.

ಗೆದ್ದರೆ ಅಧಿಕಾರ ಹಸ್ತಾಂತರ ಬಾಯಿಮಾತಲ್ಲಿ ಆಗಬಾರದು. ಪಾಸ್‌ಬುಕ್ ಬಾಕಿ, ಠೇವಣಿ ರಸೀದಿಗಳು, ಬಳಸದ ಚೆಕ್ಕುಗಳ ಸಂಖ್ಯೆ, ರಸೀದಿ ಪುಸ್ತಕಗಳ ಕ್ರಮಸಂಖ್ಯೆ, ಪ್ಯಾನ್, ಆದಾಯ ತೆರಿಗೆ ಖಾತೆಯ ಪಾಸ್‌ವರ್ಡ್: ಎಲ್ಲ ಪಟ್ಟಿ ಮಾಡಿ, ಇಬ್ಬರೂ ಸಹಿ ಹಾಕಿ. ಬ್ಯಾಂಕ್ ಸಹಿ ಬದಲಿಸಲು ಠರಾವಿನ ಪ್ರತಿ ಕೇಳುತ್ತದೆ, ಅದನ್ನು ಸಭೆಯಲ್ಲೇ ಬರೆಸಿ. ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ನೋಂದಣಿಯಾಗಿದ್ದರೆ, ವಾರ್ಷಿಕ ಸಭೆಯ ನಂತರ 14 ದಿನದೊಳಗೆ ಹೊಸ ಆಡಳಿತ ಮಂಡಳಿಯ ಪಟ್ಟಿ ನೋಂದಣಾಧಿಕಾರಿಗೆ ತಲುಪಬೇಕು. ಸಲ್ಲಿಸುವುದು ಕಾರ್ಯದರ್ಶಿಯ ಕೆಲಸವಾದರೂ ಬೆನ್ನುಬಿದ್ದು ಮಾಡಿಸಿ. ಇದು ತಪ್ಪಿದರೆ ಮುಂದೆ ಪ್ರತಿ ಕಾಗದಕ್ಕೂ ಅಲೆದಾಟ. ಸಂಘಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡುವ 12ಎಬಿ ಮತ್ತು ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡುವ 80ಜಿ ನೋಂದಣಿ ಇದ್ದರೆ ಅವುಗಳ ಅವಧಿ ಯಾವಾಗ ಮುಗಿಯುತ್ತದೆಂದು ಮೊದಲ ವಾರದಲ್ಲೇ ಗುರುತಿಟ್ಟುಕೊಳ್ಳಿ.

ಕೇಳಿದ ಲೆಕ್ಕ ನಾಮಪತ್ರ ಹಿಂತೆಗೆಯುವ ಕೊನೆಯ ದಿನದೊಳಗೆ ಕೈಗೆ ಬರದಿದ್ದರೆ ಹೆಸರು ವಾಪಸ್ ತೆಗೆದುಕೊಳ್ಳಿ. ಸಮ್ಮೇಳನಕ್ಕೆ ಮಾತ್ರ ಹೋಗಿ. ಸಾಮಾನ್ಯ ಸಭೆಯಲ್ಲಿ ಆಯವ್ಯಯ ಮಂಡನೆಯಾದಾಗ ಎದ್ದು ನಿಂತು, ಆ ಠೇವಣಿ ಮತ್ತು ಮುಂಗಡದ ಪ್ರಶ್ನೆ ಕೇಳಿ, ನಡಾವಳಿಯಲ್ಲಿ ದಾಖಲಿಸಲು ಹೇಳಿ.