ವಿಮಾನದ ತಾಸಿನಿಂದ ಹಿಂದಕ್ಕೆ ಎಣಿಸಿ

ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2023ರ ಮೇ 5ರಂದು. ಆದರೆ ಆಗ ಪಟ್ಟ ಪಾಡು ಯಾರೂ ಮರೆತಿಲ್ಲ ಅನ್ನುವುದಕ್ಕೆ ಈ ಸಲದ ಪತ್ರಗಳೇ ಸಾಕ್ಷಿ. ಪರದೇಶ ಪ್ರಯಾಣ, ಪರೀಕ್ಷೆ, ಲಸಿಕೆ ಕುರಿತ ಆರು ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: 2021ರಲ್ಲಿ ನನ್ನ ತಮ್ಮ ದುಬೈಗೆ ಹೊರಟಾಗ ಆರ್‌ಟಿ-ಪಿಸಿಆರ್ ವರದಿಯ ಅವಧಿ ಮುಗಿದಿದೆ ಅಂತ ನಿಲ್ದಾಣದಿಂದಲೇ ವಾಪಸ್ ಕಳಿಸಿದರು. ವರದಿ ಕೈಗೆ ಬಂದಿದ್ದು ಹಿಂದಿನ ದಿನವಷ್ಟೇ. ಇಂಥ ಕಾಲ ಮತ್ತೆ ಬಂದರೆ ತಾಸು ಎಲ್ಲಿಂದ ಎಣಿಸಬೇಕು?
– ಓದುಗರು, ಗದಗ

ಉತ್ತರ: ವರದಿ ಯಾವಾಗ ಕೈಗೆ ಬಂತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ತಾಯಿ. ಮೂಗಿನಿಂದ ಮಾದರಿ ತೆಗೆದ ಗಳಿಗೆಯಿಂದಲೇ ಎಣಿಕೆ ಶುರು. ವರದಿಯಲ್ಲಿ ಮಾದರಿ ತೆಗೆದ ಸಮಯ, ಪ್ರಯೋಗಾಲಯಕ್ಕೆ ತಲುಪಿದ ಸಮಯ, ವರದಿ ಕೊಟ್ಟ ಸಮಯ ಎಂದು ಮೂರು ಸಮಯ ಇರುತ್ತವೆ. ನಿಲ್ದಾಣದವರು ನೋಡುವುದು ಮೊದಲನೆಯದನ್ನು.

ಒಂದು ಲೆಕ್ಕ ಹಾಕೋಣ. ವಿಮಾನ ಬೆಂಗಳೂರಿನಿಂದ ಶನಿವಾರ ನಸುಕಿನ 4:30ಕ್ಕೆ. 72 ತಾಸಿನ ನಿಯಮವಿದ್ದರೆ ಮಾದರಿಯನ್ನು ಬುಧವಾರ ನಸುಕಿನ 4:30ರ ನಂತರ ಕೊಟ್ಟಿರಬೇಕು. ಬುಧವಾರ ಬೆಳಿಗ್ಗೆ 8ಕ್ಕೆ ಗದಗಿನಲ್ಲೇ ಕೊಟ್ಟರೆ ವರದಿಗೆ ಗುರುವಾರವಿಡೀ ಕಾಯಬಹುದು, ಶುಕ್ರವಾರ ಬೆಳಿಗ್ಗೆ ಊರು ಬಿಟ್ಟರೂ ನಡೆಯುತ್ತದೆ. 48 ತಾಸಿನ ನಿಯಮವಾದರೆ ಗುರುವಾರ ಬೆಳಿಗ್ಗೆಗಿಂತ ಮೊದಲು ಕೊಡುವಂತಿಲ್ಲ, ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ದಾರಿ ಹಿಡಿದಿರಬೇಕು. ನಡುವೆ ಉಳಿಯುವುದು ಒಂದೇ ಹಗಲು, ಒಂದೇ ರಾತ್ರಿ. ಯಂತ್ರ ಕೆಟ್ಟರೆ, ಮಾದರಿ ತಿರಸ್ಕೃತವಾದರೆ ಮತ್ತೊಮ್ಮೆ ಕೊಡಲು ಹೊತ್ತಿಲ್ಲ. ಅಂಥದ್ದರಲ್ಲಿ ಗುರುವಾರವೇ ಬೆಂಗಳೂರು ಸೇರಿ ಅಲ್ಲೇ ಮಾದರಿ ಕೊಡುವುದು ಜಾಣತನ. ಇನ್ನೊಂದು ಎಡವಟ್ಟು ಪದೇ ಪದೇ ಆಗುತ್ತದೆ: ‘ಶನಿವಾರ 1 ಗಂಟೆ’ಯ ವಿಮಾನವನ್ನು ಶನಿವಾರ ರಾತ್ರಿಯದೆಂದು ತಿಳಿಯುವುದು. ಅದು ಶುಕ್ರವಾರ ರಾತ್ರಿ ಕಳೆದ ಮೇಲಿನ ಒಂದು ಗಂಟೆ.

ದೇಶದಿಂದ ದೇಶಕ್ಕೆ ಎಣಿಕೆಯ ರೀತಿಯೂ ಬೇರೆ. ಅಮೆರಿಕ ಎಣಿಸಿದ್ದು ತಾಸನ್ನಲ್ಲ, ದಿನವನ್ನು: 2021ರ ಡಿಸೆಂಬರ್ 6ರಿಂದ, ಹೊರಡುವ ಹಿಂದಿನ ದಿನ ಯಾವ ಹೊತ್ತಿಗೆ ಕೊಟ್ಟರೂ ಸರಿ ಎಂದಿತು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಭಾರತದಿಂದ ನೇರ ವಿಮಾನಗಳಿಗೆ ಮತ್ತೆ ಅವಕಾಶ ಕೊಟ್ಟ ಕೆನಡಾ, ದೆಹಲಿ ನಿಲ್ದಾಣದ ಗೊತ್ತುಪಡಿಸಿದ ಪ್ರಯೋಗಾಲಯದಲ್ಲಿ 18 ತಾಸಿನೊಳಗೆ ಮಾಡಿಸಿದ ವರದಿ ಮಾತ್ರ ಒಪ್ಪಿತು. ದುಬೈಗೆ 48 ತಾಸಿನ ವರದಿಯ ಮೇಲೆ ನಿಲ್ದಾಣದಲ್ಲೇ ರ‍್ಯಾಪಿಡ್ ಪಿಸಿಆರ್ ಕೂಡ ಆಗಬೇಕಿತ್ತು. ಹಾಗಾಗಿ ನಿಯಮ ಓದುವಾಗ ಎಣಿಕೆ ತಾಸಿನದೋ ದಿನದ್ದೋ, ಮೊದಲ ವಿಮಾನಕ್ಕೋ ಕೊನೆಯದಕ್ಕೋ, ವರದಿಯಲ್ಲಿ ಕ್ಯೂಆರ್ ಕೋಡ್ ಮತ್ತು ಪಾಸ್‌ಪೋರ್ಟ್ ನಂಬರ್ ಬೇಕೋ ಎಂಬುದನ್ನು ಟಿಕೆಟ್ ತೆಗೆಸುವ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಆಗ ನಮ್ಮ ಮನೆಯಲ್ಲಿ ಒಬ್ಬರಿಗೆ ಜ್ವರ ಬಿಟ್ಟು ಮೂರು ವಾರವಾದರೂ ಪಾಸಿಟಿವ್ ಬರುತ್ತಿತ್ತು. ಇನ್ನೊಬ್ಬರಿಗೆ ‘ಇನ್‌ಕನ್‌ಕ್ಲೂಸಿವ್’ ಅಂತ ಬಂತು. ಪರೀಕ್ಷೆಯೇ ಸುಳ್ಳೇ?
– ಓದುಗರು, ರಾಣೆಬೆನ್ನೂರು

ಉತ್ತರ: ಸುಳ್ಳಲ್ಲ. ಪಿಸಿಆರ್ ಹುಡುಕುವುದು ವೈರಸ್ಸಿನ ಆರ್‌ಎನ್‌ಎ ಚೂರುಗಳನ್ನು. ಆ ವೈರಸ್ ಜೀವಂತವಿದೆಯೋ ಸತ್ತಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಸುಗ್ಗಿ ಮುಗಿದ ಕಣದಲ್ಲಿ ಹೊಟ್ಟು ಉಳಿದಂತೆ ಚೂರುಗಳು ವಾರಗಟ್ಟಲೆ, ಕೆಲವರಲ್ಲಿ 90 ದಿನದವರೆಗೂ ಮೂಗಿನಲ್ಲಿ ಉಳಿಯುತ್ತವೆ. ಅಂಥವರ ಸಿಟಿ ಮೌಲ್ಯ ಹೆಚ್ಚಿರುತ್ತದೆ. ಅಂದರೆ ಯಂತ್ರ ಹೆಚ್ಚು ಸುತ್ತು ತಿರುಗಿದ ಮೇಲೆ ವೈರಸ್ಸಿನ ಸುಳಿವು ಸಿಕ್ಕಿದೆ ಎಂದರ್ಥ. ಭಾರತದಲ್ಲಿ 35ರವರೆಗೆ ಪಾಸಿಟಿವ್ ಎಂದೇ ಲೆಕ್ಕ. ವಿಮಾನದ ಕೌಂಟರ್‌ನಲ್ಲಿ ಮಾತ್ರ ಸಿಟಿ ಮೌಲ್ಯದ ವಾದ ನಡೆಯುವುದಿಲ್ಲ. ಹಳೆಯ ಪಾಸಿಟಿವ್ ವರದಿ ಮತ್ತು ಗುಣವಾಗಿದೆ ಎಂಬ ವೈದ್ಯರ ಪತ್ರವನ್ನು ಕೆಲವು ದೇಶಗಳು ಒಪ್ಪುತ್ತಿದ್ದವು. ಆದ್ದರಿಂದ ಕಾಯಿಲೆ ಬಿದ್ದಾಗಿನ ಮೊದಲ ವರದಿಯನ್ನು ಎಸೆಯಬೇಡಿ.

ಇನ್‌ಕನ್‌ಕ್ಲೂಸಿವ್, ಅಂದರೆ ಸೋಂಕು ಇದೆಯೋ ಇಲ್ಲವೋ ಹೇಳಲಾಗದ ವರದಿಯ ಕತೆ ಬೇರೆ. ಪಿಸಿಆರ್ ಕಿಟ್‌ಗಳಲ್ಲಿ ವೈರಸ್ಸಿನ ಜೀನ್ ಜೊತೆಗೆ ಮನುಷ್ಯನ ಒಂದು ಜೀನನ್ನೂ ಹುಡುಕುವ ಏರ್ಪಾಡು ಇರುತ್ತದೆ. ಕಡ್ಡಿ ಸರಿಯಾದ ಜಾಗಕ್ಕೆ ಮುಟ್ಟಿದೆಯೇ ಎಂಬುದಕ್ಕೆ ಅದೇ ಪುರಾವೆ. ಅದೂ ಕಾಣದಿದ್ದರೆ ಮಾದರಿಯೇ ಬಂದಿಲ್ಲ ಎಂದು ಅರ್ಥ. ವೈರಸ್ಸಿನ ಎರಡು ಜೀನ್‌ಗಳಲ್ಲಿ ಒಂದು ಮಾತ್ರ ಕಂಡರೂ ಕೆಲವು ಕಿಟ್‌ಗಳಲ್ಲಿ ಹೀಗೇ ಬರೆಯುತ್ತಾರೆ. ತಪ್ಪು ಬಹುಪಾಲು ಕಡ್ಡಿ ಹಾಕುವಲ್ಲೇ. ಅದನ್ನು ಹಣೆಯ ಕಡೆಗೆ ಮೇಲಕ್ಕೆ ತೂರಿಸಬಾರದು. ತಲೆ ತುಸು ಹಿಂದಕ್ಕೆ ಬಾಗಿಸಿ, ಕಿವಿಯ ದಿಕ್ಕಿಗೆ ನೆಟ್ಟಗೆ, ತಡೆ ಸಿಗುವವರೆಗೆ ಒಳಗೆ ಬಿಟ್ಟು, ಕೆಲವು ಸೆಕೆಂಡು ಅಲ್ಲೇ ಇಟ್ಟು ತಿರುಗಿಸಿ ತೆಗೆಯಬೇಕು. ಗಂಟಲಿನ ಮಾದರಿ ಕೊಡುವವರು ಅರ್ಧ ತಾಸು ಮೊದಲಿನಿಂದ ಏನೂ ತಿನ್ನಬಾರದು. ಎಲೆ-ಅಡಿಕೆ, ಗುಟ್ಕಾ ಬಾಯಲ್ಲಿಟ್ಟುಕೊಂಡು ಬಂದರೆ ಕಡ್ಡಿಗೆ ಹತ್ತುವುದು ಅದೇ. ಮಾದರಿಯ ಕೊಳವೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಸಾಗಿಸಬೇಕು. ಐಸ್ ಕರಗಿದ ಡಬ್ಬಿಯಲ್ಲಿ ಊರೂರು ಸುತ್ತಿದರೆ ಆರ್‌ಎನ್‌ಎ ಕರಗಿಹೋಗುತ್ತದೆ.

ಪ್ರಶ್ನೆ: ಮನೆಯಲ್ಲೇ ಮಾಡುವ ಆ್ಯಂಟಿಜೆನ್ ಕಿಟ್‌ನಲ್ಲಿ ಮಸುಕು ಗೆರೆ ಬಂದರೆ ಏನರ್ಥ? ಊರಲ್ಲಿ ಅಜ್ಜಿ ಇದ್ದಾರೆ.
– ವಿದ್ಯಾರ್ಥಿ, ಧಾರವಾಡ

ಉತ್ತರ: ‘ಟಿ’ ಎದುರು ಗೆರೆ ಎಷ್ಟೇ ಮಸುಕಾಗಿರಲಿ, ಹೇಳಿದ ಸಮಯದೊಳಗೆ ಮೂಡಿದ್ದರೆ ಪಾಸಿಟಿವ್. ‘ಸಿ’ ಗೆರೆ ಇಲ್ಲದಿದ್ದರೆ ಕಿಟ್ ಕೆಟ್ಟಿದೆ, ಬಿಸಾಕಿ. ಸಾಮಾನ್ಯವಾಗಿ 15 ನಿಮಿಷಕ್ಕೆ ನೋಡಬೇಕು. ಅರ್ಧ ತಾಸು ಬಿಟ್ಟು ನೋಡಿದರೆ ಒಣಗಿದ ಗೆರೆ ಮೋಸ ಮಾಡುತ್ತದೆ. ಹನಿ ಎಷ್ಟು, ನಿಮಿಷ ಎಷ್ಟು ಅನ್ನುವುದು ಕಿಟ್‌ನಿಂದ ಕಿಟ್‌ಗೆ ಬೇರೆ, ಚೀಟಿ ಓದಿ. ಬಹಳಷ್ಟು ಕಿಟ್‌ಗಳನ್ನು 30 ಡಿಗ್ರಿ ಒಳಗೆ ಇಡಬೇಕು. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟ ಕಿಟ್ ನಂಬಬೇಡಿ. ಕೆಮ್ಮು, ಜ್ವರ ಇದ್ದೂ ನೆಗೆಟಿವ್ ಬಂದರೆ ಪಿಸಿಆರ್ ಮಾಡಿಸಿ. ಸೋಂಕು ತಗುಲಿದ ಮೊದಲ ಒಂದೆರಡು ದಿನ ಅದು ಎರಡೂ ಪರೀಕ್ಷೆಯ ಕಣ್ಣಿಗೆ ಬೀಳದಿರಬಹುದು. ಹೊರಡುವ ದಿನ ನೆಗೆಟಿವ್ ಬಂದಿದ್ದರೂ ಮೊದಲ ಕೆಲವು ದಿನ ಅಜ್ಜಿಯ ಹತ್ತಿರ ಮಾಸ್ಕ್ ತೆಗೆಯಬೇಡಿ.

ಪ್ರಶ್ನೆ: ಕೆಲಸಕ್ಕೆಂದು ನೈರೋಬಿಗೆ ಹೊರಟಿದ್ದೇನೆ. ‘ಹಳದಿ ಜ್ವರ’ದ ಚುಚ್ಚುಮದ್ದು ಕೇಳುತ್ತಿದ್ದಾರೆ. ಮೊದಲು ಕಾಮಾಲೆಯ ಲಸಿಕೆ ಹಾಕಿಸಿದ್ದೇನೆ, ಸಾಲದೇ?
– ಓದುಗರು, ಬ್ಯಾಡಗಿ

ಉತ್ತರ: ಸಾಲದು. ನೀವು ಹಾಕಿಸಿದ್ದು ಹೆಪಟೈಟಿಸ್ ಲಸಿಕೆ ಇರಬೇಕು. ಇದು ಯೆಲ್ಲೋ ಫೀವರ್, ಬೇರೆಯೇ ವೈರಸ್. ಇದನ್ನು ಹರಡುವುದು ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ. ನಳದ ನೀರು ಹಲವು ದಿನಕ್ಕೊಮ್ಮೆ ಬರುವ ನಮ್ಮ ಊರುಗಳಲ್ಲಿ ಬ್ಯಾರೆಲ್ ಬ್ಯಾರೆಲ್ ನೀರು ತುಂಬಿಡುತ್ತೇವೆ, ಆ ಸೊಳ್ಳೆಗೆ ಅದೇ ತವರು. ಸೊಳ್ಳೆ ಇದೆ, ವೈರಸ್ ಮಾತ್ರ ಇಲ್ಲ. ಅದಕ್ಕೇ ಆಫ್ರಿಕಾದಿಂದ ಬರುವವರ ಲಸಿಕೆ ಕಾರ್ಡನ್ನು ಭಾರತ ಇಷ್ಟು ಬಿಗಿಯಾಗಿ ನೋಡುತ್ತದೆ. ಸಿಂಧುವಾದ ಕಾರ್ಡ್ ಇಲ್ಲದೆ ಹಿಂದಿರುಗಿದರೆ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು.

ಕೇಂದ್ರ ಆರೋಗ್ಯ ಸಚಿವಾಲಯ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ. ಬೇರೆ ದವಾಖಾನೆಯ ಚೀಟಿ ನಡೆಯದು. ಒಂದೇ ಬಾಟಲಿಯಲ್ಲಿ ಹಲವರ ಡೋಸ್ ಇದ್ದು, ದ್ರಾವಣ ಬೆರೆಸಿದ 6 ತಾಸಿನೊಳಗೆ ಮುಗಿಸಬೇಕು. ಹಾಗಾಗಿ ಕೇಂದ್ರಗಳು ವಾರದ ಗೊತ್ತಾದ ದಿನ ಜನರನ್ನು ಒಟ್ಟಿಗೆ ಕರೆಯುತ್ತವೆ. ಮೊದಲೇ ಹೆಸರು ಬರೆಸಿ, ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ. ಅರ್ಧ ಮಿಲಿ, ಚರ್ಮದ ಕೆಳಗೆ, ಒಂದೇ ಸಲ. ಕಾರ್ಡ್ ಸಿಂಧುವಾಗುವುದು 10 ದಿನದ ನಂತರ: 1ನೇ ತಾರೀಖು ಹಾಕಿಸಿದರೆ 11ರಿಂದ. ಅಲ್ಲಿಂದ ಮುಂದೆ ಜೀವಮಾನವಿಡೀ ನಡೆಯುತ್ತದೆ. 2016ರ ಜುಲೈ 11ರಿಂದ ಈ ನಿಯಮ ಬಂದಿದೆ, ಹಳೆಯ ಕಾರ್ಡಿನ ‘10 ವರ್ಷ’ ಲೆಕ್ಕಕ್ಕಿಲ್ಲ.

ಇದು ಜೀವಂತ ವೈರಸ್ಸಿನ ಲಸಿಕೆ. ಮೊಟ್ಟೆಗೆ ತೀವ್ರ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕುಂದಿಸುವ ಮಾತ್ರೆ ನುಂಗುವವರು, ಬಸುರಿಯರು ಮೊದಲೇ ಹೇಳಬೇಕು. 60 ದಾಟಿದವರಿಗೆ ಮೊದಲ ಡೋಸ್‌ನಲ್ಲಿ ಅಪಾಯ ತುಸು ಹೆಚ್ಚು, ವೈದ್ಯರು ತೂಗಿ ನೋಡುತ್ತಾರೆ. ಇನ್ನೊಂದು ಜೀವಂತ ಲಸಿಕೆ ಬೇಕಿದ್ದರೆ ಅದೇ ದಿನ ಹಾಕಿಸಬೇಕು, ಇಲ್ಲವೇ 4 ವಾರ ಬಿಡಬೇಕು. ಮನೆಗೆ ಬರುವ ಮೊದಲು ಕಾರ್ಡಿನ ಹೆಸರು, ಪಾಸ್‌ಪೋರ್ಟ್ ನಂಬರ್, ಬ್ಯಾಚ್ ನಂಬರ್, ಮೊಹರು ಅಲ್ಲೇ ನಿಂತು ನೋಡಿಕೊಳ್ಳಿ. ಅಂದಹಾಗೆ, ಇದು ಮಲೇರಿಯಾ ತಡೆಯುವುದಿಲ್ಲ.

ಪ್ರಶ್ನೆ: ತಂದೆಯವರು ಹಜ್‌ಗೆ ಹೊರಟಿದ್ದಾರೆ, ವಯಸ್ಸು 68, ಶುಗರ್‌ಗೆ ಇನ್ಸುಲಿನ್ ಇದೆ. ಯಾವ ಲಸಿಕೆ ಬೇಕು?
– ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಕಡ್ಡಾಯವಾದದ್ದು ಮೆನಿಂಜೈಟಿಸ್‌ನ (ಮಿದುಳಿನ ಪೊರೆಯ ಉರಿಯೂತದ) ಎಸಿಡಬ್ಲ್ಯುವೈ ಲಸಿಕೆ, ಸೌದಿ ತಲುಪುವ ಕನಿಷ್ಠ 10 ದಿನ ಮೊದಲು. ಕಾಂಜುಗೇಟ್ ಬಗೆಯದಾದರೆ 5 ವರ್ಷ, ಪಾಲಿಸ್ಯಾಕರೈಡ್ ಆದರೆ 3 ವರ್ಷ ನಡೆಯುತ್ತದೆ. ಯಾವ ಬಗೆ ಎಂದು ಬರೆದಿರದಿದ್ದರೆ 3 ವರ್ಷವೆಂದೇ ಹಿಡಿಯುತ್ತಾರೆ, ಬರೆಸಿಕೊಳ್ಳಿ. ಹಜ್ ಸಮಿತಿ ಮೂಲಕ ಹೋಗುವವರಿಗೆ ಶಿಬಿರದಲ್ಲಿ ಇದರ ಜೊತೆ ಪೋಲಿಯೊ ಹನಿಯೂ ಸಿಗುತ್ತದೆ. ಖಾಸಗಿ ಟೂರ್‌ನವರು ಮೊದಲೇ ವಿಚಾರಿಸಬೇಕು. ಈ ವಯಸ್ಸಿಗೆ, ಶುಗರ್ ಇರುವಾಗ, ಫ್ಲೂ ಲಸಿಕೆಯೂ ಒಳ್ಳೆಯದು. ಪರಿಣಾಮಕ್ಕೆ ಎರಡು ವಾರ ಬೇಕು. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ವೈದ್ಯರ ಚೀಟಿಯ ಜೊತೆ. ವಿಮಾನದ ಹೊಟ್ಟೆಗೆ ಹೋಗುವ ದೊಡ್ಡ ಬ್ಯಾಗಿನಲ್ಲಿಟ್ಟರೆ ಹೆಪ್ಪುಗಟ್ಟಿ ಕೆಡಬಹುದು.

ಪ್ರಶ್ನೆ: ಅಮ್ಮ ಅಮೆರಿಕಕ್ಕೆ ಮಗಳ ಬಾಣಂತನಕ್ಕೆ ಹೊರಟಿದ್ದಾರೆ. ಕೋವಿಡ್ ಸರ್ಟಿಫಿಕೇಟ್ ಬೇಕೇ? ಅದರಲ್ಲಿ ಹೆಸರು ಮುಂದೆ, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಮುಂದೆ ಇದೆ.
– ಓದುಗರು, ಹಾವೇರಿ

ಉತ್ತರ: ಬೇಡ. ಅಮೆರಿಕ ಪರೀಕ್ಷೆಯ ನಿಯಮವನ್ನು 2022ರ ಜೂನ್ 12ಕ್ಕೆ, ಲಸಿಕೆಯ ನಿಯಮವನ್ನು 2023ರ ಮೇ 12ಕ್ಕೆ ಕೈಬಿಟ್ಟಿತು. ಹೆಸರಿನ ಗೊಂದಲವನ್ನು ಟಿಕೆಟ್‌ನಲ್ಲಿ ಮಾತ್ರ ಆಗಗೊಡಬೇಡಿ, ಅದು ಪಾಸ್‌ಪೋರ್ಟ್‌ನಂತೆಯೇ ಇರಲಿ. ಹಸುಗೂಸಿನ ಬಳಿ ಇರುವವರಾದ್ದರಿಂದ ಅಮ್ಮನಿಗೆ ಹೊರಡುವ ಎರಡು ವಾರ ಮೊದಲು ಫ್ಲೂ ಮತ್ತು ನಾಯಿಕೆಮ್ಮಿನ ಟಿಡ್ಯಾಪ್ ಹಾಕಿಸಿ.